ಗಂಗಿಗೆ ಬಡಿಸಿದ ಮಾದಲಿ

ನಮ್ಮ ಅಡಿಗೆಮನೆಯ ಬಾಗಿಲ ಹಿಂದೆ, ಒಂದು ಮೊಳೆಗೆ, ಕ್ಯಾನ್ವಾಸಿನ ಚೀಲವೊಂದು ನೇತಾಡುತ್ತಿದೆ. ಬಾಯಿಯ ಸುತ್ತ ದಪ್ಪ ದಾರದ ಹೊಲಿಗೆ, ಎರಡು ಬದಿಗೂ ಚರ್ಮದ ಪಟ್ಟಿ, ಪಕ್ಕದಲ್ಲಿ ಗಾಳಿಯಾಡಲೆಂದು ಕೊರೆದ ಸಣ್ಣ ತೂತುಗಳು. ಮೊದಲ ಸಲ ಬಂದವರು ಅದನ್ನು ಉಳ್ಳಾಗಡ್ಡಿ ಚೀಲವೆಂದೇ ತಿಳಿಯುತ್ತಾರೆ. ಸಲುಗೆಯಿದ್ದವರು ಕೈಹಾಕಿ ನೋಡಿ, ಒಳಗೆ ಏನೂ ಇಲ್ಲವೆಂದು ಕಂಡು, ಕೈಯನ್ನೂ ಮಾತನ್ನೂ ಹಿಂದಕ್ಕೆ ತೆಗೆದುಕೊಳ್ಳುತ್ತಾರೆ. ಏನೂ ಇಲ್ಲದಿರುವುದು ನಮ್ಮ ಮನೆಯ ಮಟ್ಟಿಗೆ ಸಣ್ಣ ಸಂಗತಿಯಲ್ಲ, ಸ್ವಾಮಿ. ನನ್ನ ಹೆಂಡತಿ ಶಾಂತಾಗೆ ಖಾಲಿ ಪಾತ್ರೆ ಎಂದರೆ ಆಗದು. ಜಾಮಿನ ಬಾಟಲಿ ಬೆಳಿಗ್ಗೆ ಬರಿದಾದರೆ ಸಂಜೆಯ ಹೊತ್ತಿಗೆ ಅದರಲ್ಲಿ ಅಗಸಿ ಚಟ್ನಿ ಸೇರಿರುತ್ತದೆ. ಮಗಳು ಶಾಲೆ ಮುಗಿಸಿದ ವಾರವೇ ಅವಳ ಕಂಪಾಸು ಪೆಟ್ಟಿಗೆಗೆ ಏಲಕ್ಕಿ ಬಂತು. ಅಂಥ ಮನೆಯಲ್ಲಿ ಇಷ್ಟು ವರ್ಷಗಳಿಂದ ಬರಿದಾಗಿಯೇ ಉಳಿದಿರುವ ವಸ್ತು ಈ ಚೀಲವೊಂದೇ.

ಇದು ಕುದುರೆಯ ಚೀಲ. ಹುರಳಿ, ಬೂಸಾ ಹಾಕಿ ಕುದುರೆಯ ಮೂತಿಗೆ ಕಟ್ಟಿಬಿಟ್ಟರೆ ಅದು ನಿಂತಲ್ಲೇ ಊಟ ಮಾಡಿಕೊಳ್ಳುತ್ತದೆ. ಗೋವಾದ ದಾಬೋಲಿಮ್‌ನ ಮೂರನೆಯ ಮಹಡಿಯ ಫ್ಲ್ಯಾಟಿನಲ್ಲಿ, ಸರಕಾರಿ ರಜೆಗಳನ್ನು ಎಣಿಸುತ್ತ ಬದುಕುವ ನನ್ನಂಥ ಗುಮಾಸ್ತನ ಮನೆಗೆ ಅದು ಹೇಗೆ ಬಂತೆಂದು ಹೇಳುವ ಮೊದಲು, ನಮ್ಮ ಜನದ ಒಂದು ಪದ್ಧತಿಯನ್ನು ನಿಮಗೆ ತಿಳಿಸಬೇಕು. ನೀವು ಧಾರವಾಡದ ಕಡೆಯವರಾಗಿದ್ದರೆ ಈ ಭಾಗವನ್ನು ಹಾರಿಸಿ ಓದಬಹುದು. ಆದರೆ ಹಾರಿಸಲಾರಿರಿ, ಊಟದ ಮಾತು ಬಂದಾಗ ಹಾರಿಸಿ ಹೋದ ಧಾರವಾಡದವನನ್ನು ನಾನಿನ್ನೂ ಕಂಡಿಲ್ಲ.

ನಮ್ಮಲ್ಲಿ ಅತಿಥಿ 'ಸಾಕು' ಎನ್ನುವುದು ಊಟದ ಆರಂಭ. ಮೊದಲ 'ಸಾಕು' ಬರಿಯ ನಮಸ್ಕಾರ. ಎರಡನೆಯದು ತನ್ನ ಸಂಸ್ಕಾರವನ್ನು ತೋರಿಸುವುದಕ್ಕೆ. ಮೂರನೆಯ ಸಲ ಅವನು ತಾಟಿನ ಮೇಲೆ ಕೈಯನ್ನು ಅಡ್ಡ ಹಿಡಿಯಬೇಕು, ಹಿಡಿಯುವಾಗ ಬೆರಳುಗಳ ನಡುವೆ ಒಂದು ಹೋಳಿಗೆ ನುಸುಳುವಷ್ಟು ಸಂದು ಬಿಡಬೇಕು. ಬಡಿಸುವವಳು ಆ ಸಂದನ್ನು ಹುಡುಕಿ ಹೋಳಿಗೆಯನ್ನು ಇಳಿಸಬೇಕು. ಆಗ ಇವನು 'ಅಯ್ಯ, ಏನ್ರಿ ವೈನಿ ಇದು' ಎಂದು ನೊಂದುಕೊಳ್ಳುತ್ತ ಅದನ್ನು ಮುಗಿಸಬೇಕು. ಇಷ್ಟಾದರೆ ಊಟವಾಯಿತು. ಒಂದೇ 'ಸಾಕು'ಗೆ ನಿಲ್ಲಿಸಿದ ಮನೆಯ ಸುದ್ದಿ ಹುಬ್ಬಳ್ಳಿ ದಾಟಿ ಗದಗಿನವರೆಗೂ ಹೋಗುತ್ತದೆ. ನಾನು ಹುಟ್ಟಿದಾಗಿನಿಂದ ಈ ಶಾಸ್ತ್ರದ ನೆರಳಿನಲ್ಲಿ ಬೆಳೆದವನು. ನನ್ನ ಹೊಟ್ಟೆಯ ಸುತ್ತಳತೆಯೇ ಅದಕ್ಕೆ ಸಾಕ್ಷಿ. ಶಾಂತಾ ಈ ಶಾಸ್ತ್ರದಲ್ಲಿ ಪಂಡಿತೆ. ಅವಳ ಕೈಯಿಂದ ತಪ್ಪಿಸಿಕೊಂಡು ಎದ್ದವರು ನಮ್ಮ ಬಂಧುಬಳಗದಲ್ಲಿ ಯಾರೂ ಇರಲಿಲ್ಲ.

ಮೊಬೈಲುಗಳಿಗೆ ಇನ್ನೂ ಒತ್ತುವ ಗುಂಡಿಗಳಿದ್ದ ಕಾಲದ ಮಾತು. ವಾಸ್ಕೋ, ದಾಬೋಲಿಮ್, ಕೊರ್ತಾಲಿಮ್ ಸುತ್ತಮುತ್ತ ನೌಕರಿ ಮಾಡಿಕೊಂಡಿದ್ದ ಧಾರವಾಡ, ಬೆಳಗಾವಿ, ಕಾರವಾರದ ಹತ್ತಾರು ಮನೆಯವರು ಸೇರಿ ಒಂದು ಬಳಗ ಮಾಡಿಕೊಂಡಿದ್ದೆವು. ನಿವೃತ್ತ ಅಧಿಕಾರಿ ದೇಸಾಯರು ಅದರ ಅಧ್ಯಕ್ಷರು. ಅವರನ್ನು ಯಾರೂ ಆರಿಸಿರಲಿಲ್ಲ; ಕುರ್ಚಿ ಖಾಲಿಯಿತ್ತು, ಅವರು ಕೂತರು, ಆಮೇಲೆ ಎಬ್ಬಿಸುವ ಧೈರ್ಯ ಯಾರಿಗೂ ಬರಲಿಲ್ಲ. ಆ ವರ್ಷ ಹೋಳಿಹುಣ್ಣಿಮೆ ಮುಗಿದ ಮೇಲೆ ಅವರಿಗೆ ಒಂದು ಯೋಚನೆ ಹೊಳೆಯಿತು. ನಾವೆಲ್ಲ ಗದ್ದಲದಲ್ಲಿ ಬದುಕುತ್ತಿದ್ದೇವೆ, ತಲೆಯ ಮೇಲೆ ವಿಮಾನ, ಕಿಟಕಿಯ ಕೆಳಗೆ ಲಾರಿ, ಆದ್ದರಿಂದ ಎರಡು ದಿನ ಮೌನವನ್ನು ಅನುಭವಿಸಿ ಬರಬೇಕು ಎಂದರು. ಕಾಣಕೋಣದ ಒಳಭಾಗದಲ್ಲಿ, ಗುಡ್ಡದ ಬುಡಕ್ಕೆ, ದೊಡ್ಡ ಗುಹೆಯೊಂದರ ಸಮೀಪ ಡೇರೆ ಹಾಕಿ ಇರಲು ಜಾಗವಿತ್ತು. ಜೊತೆಗೆ ಕುದುರೆಗಳೂ ಇರಲಿ ಎಂದು ದೇಸಾಯರೇ ಸೇರಿಸಿದರು. ಕುದುರೆಯಿಲ್ಲದ ಡೇರೆ ಮದುವೆಯ ಹಂದರದಂತೆ ಕಾಣುತ್ತದೆಂದು ಅವರ ಅಭಿಪ್ರಾಯ.

ಮೌನವನ್ನು ಅನುಭವಿಸಲು ನಾವು ಕಟ್ಟಿಕೊಂಡ ಸಾಮಾನಿನ ಪಟ್ಟಿಯನ್ನು ಪೂರ್ತಿ ಹೇಳಿದರೆ ನೀವು ನಂಬಲಿಕ್ಕಿಲ್ಲ. ಎರಡು ಗ್ಯಾಸಿನ ಒಲೆ, ಮೂರು ಕುಕ್ಕರು, ಗಾದಿಗಳು, ದೇಸಾಯರ ಸ್ವಾಗತಭಾಷಣಕ್ಕೆಂದು ಬ್ಯಾಟರಿಯಿಂದ ನಡೆಯುವ ಧ್ವನಿವರ್ಧಕ. ಒಣಗಿಸಿದ ಜೋಳದ ಕಟಕ ರೊಟ್ಟಿ ಎರಡು ಗಂಟು. ಶೇಂಗಾ ಹೋಳಿಗೆ, ಕಡಲೆಬೇಳೆ ಹೋಳಿಗೆ, ಬೆಳಗಾವಿಯವರ ಕುಂದಾ. ಕಾರವಾರದವರು ಮೀನನ್ನು ಬಿಟ್ಟು ಬರುತ್ತಿರುವ ತಮ್ಮ ತ್ಯಾಗವನ್ನು ದಾರಿಯುದ್ದಕ್ಕೂ ನೆನಪಿಸುತ್ತಿದ್ದರು. ಇವೆಲ್ಲಕ್ಕೂ ಕಿರೀಟವಾಗಿ ಶಾಂತಾ ಒಂದು ದೊಡ್ಡ ಉಕ್ಕಿನ ಡಬ್ಬಿಯ ತುಂಬ ಮಾದಲಿ ಮಾಡಿ ತಂದಿದ್ದಳು. ಮಾದಲಿ ಗೊತ್ತಲ್ಲ? ಗೋಧಿ ಕಡಲೆಬೇಳೆಗಳನ್ನು ಹುರಿದು ಬೀಸಿ, ಚಪಾತಿಯಂತೆ ಬೇಯಿಸಿ, ಮತ್ತೆ ಪುಡಿಮಾಡಿ, ಬೆಲ್ಲ ಕೊಬ್ಬರಿ ಏಲಕ್ಕಿ ಬೆರೆಸಿದ ಸಿಹಿ. ನೋಡುವುದಕ್ಕೆ ಒಣಪುಡಿ, ಬಿಸಿಹಾಲು ಬಿದ್ದರೆ ಉಬ್ಬಿ ತಟ್ಟೆ ತುಂಬುತ್ತದೆ. ಈ ಉಬ್ಬುವ ಗುಣವನ್ನು ದಯವಿಟ್ಟು ನೆನಪಿಡಿ.

ಜಾಗದ ಯಜಮಾನ ಮಿಂಗೇಲ್ ಎಂಬವನು. ಹರೆಯವನ್ನೆಲ್ಲ ಹಡಗಿನ ಎಂಜಿನ್ ಕೋಣೆಯಲ್ಲಿ ಕಳೆದು, ಕಿವಿ ತುಂಬಿಹೋಗಿ, ಇನ್ನು ಏನನ್ನೂ ಕೇಳಬಾರದೆಂದು ಗೇರುಮರಗಳ ನಡುವೆ ಬಂದು ಕೂತಿದ್ದ. ಶಾಂತತೆ ಕಾಪಾಡಿರೆಂದು ಅವನು ಮೂರು ಭಾಷೆಗಳಲ್ಲಿ ಬರೆಸಿ ಹಾಕಿದ್ದ ಹಲಗೆಯನ್ನು ದೇಸಾಯರು ಬಸ್ಸಿನಿಂದ ಇಳಿಯುತ್ತಲೇ ಓದಿದರು. ಅದರಲ್ಲಿ ಕನ್ನಡವಿರಲಿಲ್ಲ. ಅವರು ಆ ಬಗ್ಗೆ ತಮ್ಮ ಖೇದವನ್ನು ಸುಮಾರು ಕಾಲು ಗಂಟೆ ದೊಡ್ಡ ದನಿಯಲ್ಲಿ ವ್ಯಕ್ತಪಡಿಸಿದರು. ನಮ್ಮ ಭಾಷೆಯಲ್ಲಿ ಹೇಳದಿದ್ದುದರಿಂದ ಆ ಸೂಚನೆ ನಮಗೆ ಅನ್ವಯಿಸುವುದಿಲ್ಲವೆಂಬ ಭಾವನೆ ಬಳಗದಲ್ಲಿ ತಾನಾಗಿಯೇ ಹಬ್ಬಿತು. 'ಹಾಂಗಾ ಆವಾಜ ನಾಕಾ, ಬಾಬ' ಎಂದು ಮಿಂಗೇಲ್ ಮೆಲ್ಲನೆ ಹೇಳಿದ. ಇಲ್ಲಿ ಸದ್ದು ಬೇಡ ಎಂದು ಅದರ ಅರ್ಥ. ಅರ್ಥವನ್ನು ನಾನು ಎಲ್ಲರಿಗೂ ಕೂಗಿ ತಿಳಿಸಿದೆ.

ಕುದುರೆಗಳು ನಮಗಿಂತ ಮೊದಲೇ ಬಂದಿದ್ದವು. ಅವುಗಳ ಒಡೆಯ ಯಮನಪ್ಪ ವಿಜಾಪುರದ ಕಡೆಯವನು, ನಲವತ್ತರ ಆಸುಪಾಸಿನ ಮಿತಭಾಷಿ. ಸಮುದ್ರದ ದಂಡೆಯಲ್ಲಿ ಪ್ರವಾಸಿಗಳನ್ನು ಕೂಡಿಸಿ ತಿರುಗಾಡಿಸುವುದು ಅವನ ಕಸುಬು. ಎರಡು ಕುದುರೆ: ಸರದಾರನೆಂಬ ಕಂದು ಗಂಡು, ಗಂಗಿ ಎಂಬ ಬೂದಿ ಬಣ್ಣದ ಹೆಣ್ಣು. ಹೆಸರಿನಲ್ಲಿ ಮಾತ್ರ ಅವನು ಸರದಾರ. ಗಂಗಿ ಮುಂದೆ ಹೋಗದಿದ್ದರೆ ಒಂದು ಹೆಜ್ಜೆ ಕದಲುತ್ತಿರಲಿಲ್ಲ. ನಮ್ಮ ಬಳಗದ ಅನೇಕ ಮನೆಗಳ ವ್ಯವಸ್ಥೆಯೂ ಹಾಗೆಯೇ ಇದ್ದುದರಿಂದ ಗಂಡಸರಿಗೆಲ್ಲ ಅವನ ಮೇಲೆ ಕೂಡಲೇ ಪ್ರೀತಿ ಬಂತು. ಗಂಗಿಯ ಬೆನ್ನ ಮೇಲೆ ಮೂರು ವರ್ಷದ ಮಗುವನ್ನೂ ಕಣ್ಣುಮುಚ್ಚಿ ಕೂಡಿಸಬಹುದಿತ್ತು. ಅವಳ ಮೂತಿಗೆ ಈ ಚೀಲ ಕಟ್ಟಿತ್ತು, ಬೆಳಗಿನ ಹುರಳಿ ಮುಗಿಯುತ್ತ ಬಂದಿತ್ತು. ತಳದಲ್ಲಿ ಉಳಿದ ಕಾಳಿಗಾಗಿ ಅವಳು ತಲೆಯನ್ನು ಮೇಲೆ ಕೆಳಗೆ ಎತ್ತಿ ಆಡಿಸುತ್ತಿದ್ದಳು.

ಆ ತಲೆಯಾಡಿಸುವಿಕೆಯನ್ನು ಶಾಂತಾ ನೋಡಿದಳು. ಮೂವತ್ತು ವರ್ಷ ಬಡಿಸುತ್ತ ಬಂದ ಅವಳು ಕೈ ಅಡ್ಡ ಹಿಡಿಯುವವರನ್ನೂ, ಏಳುವವರನ್ನೂ, ವೈದ್ಯರ ಹೆಸರು ಹೇಳುವವರನ್ನೂ ಕಂಡಿದ್ದಳು. ಹೀಗೆ ಬಾಯಿತುಂಬ ಉಂಡು, ಹೌದು ಹೌದು ಇನ್ನಷ್ಟು ಬರಲಿ ಎಂದು ತಲೆಯಾಡಿಸುವ ಅತಿಥಿಯನ್ನು ಅವಳು ಜೀವಮಾನದಲ್ಲಿ ಕಂಡಿರಲಿಲ್ಲ. ಅವಳ ಕಣ್ಣಿನಲ್ಲಿ ನೀರಾಡಿತೆಂದರೆ ಹೆಚ್ಚು ಹೇಳಿದಂತಾಗುವುದಿಲ್ಲ.

ಮಧ್ಯಾಹ್ನಕ್ಕೆ ಮೊದಲು ದೇಸಾಯರು ಗುಹೆ ನೋಡಲು ಹೊರಟರು. ಸರದಾರನ ಮೇಲೆ ಅವರು, ಹಗ್ಗ ಹಿಡಿದು ಯಮನಪ್ಪ, ಹಿಂದೆ ನಾವು ಗಂಡಸರು. ಗಂಗಿಯನ್ನು ಬಿಟ್ಟು ಸರದಾರ ಹೊರಡಲೊಲ್ಲ; ಯಮನಪ್ಪ ಅವನ ಕಿವಿಯಲ್ಲಿ ಏನೇನೋ ಹೇಳಿ ಒಪ್ಪಿಸಬೇಕಾಯಿತು. ಹೊರಡುವ ಮುಂಚೆ ಅವನು ಗಂಗಿಯ ಚೀಲವನ್ನು ಬಿಚ್ಚಿ ಕೊಂಬೆಗೆ ತೂಗುಹಾಕಿ, ಒಲೆಯ ಹತ್ತಿರ ಹೆಂಗಸರು ಕೂತಿದ್ದಲ್ಲಿಗೆ ಬಂದು ನಿಂತ.

"ಅಕ್ಕಾರ, ಆಕಿಗೆ ಏನೂ ಹಾಕಬ್ಯಾಡ್ರಿ. ಆಕೀ ಊಟ ಆಗೇತಿ."

ಶಾಂತಾ ನಕ್ಕು ಆಗಲಿ ಎಂದಳು. ಅವನಿಗೆ ಸಮಾಧಾನವಾಗಲಿಲ್ಲವೇನೋ, ನಾಲ್ಕು ಹೆಜ್ಜೆ ಹೋದವನು ತಿರುಗಿ, ಖರೇನ ಬ್ಯಾಡ್ರಿ ಎಂದ. ಮರದ ತಿರುವಿನಲ್ಲಿ ಮತ್ತೊಮ್ಮೆ ಕೈಯಾಡಿಸಿ ಬ್ಯಾಡ ಎಂಬಂತೆ ಸನ್ನೆ ಮಾಡಿದ. ಎಷ್ಟಾಯಿತು? ಮೂರು. ನಮ್ಮ ಶಾಸ್ತ್ರದ ಪ್ರಕಾರ ಲೆಕ್ಕ ಸರಿಯಾಗಿತ್ತು. ಬೇರೆ ಊರಿನವನಾಗಿದ್ದರೆ ಅವನ ಮಾತನ್ನು ಮಾತಾಗಿಯೇ ತೆಗೆದುಕೊಳ್ಳುತ್ತಿದ್ದರೋ ಏನೋ. ಅವನು ನಮ್ಮ ಕಡೆಯವನು, ಸಂಕೋಚದ ಮನುಷ್ಯ, ದೊಡ್ಡವರ ಮುಂದೆ ತನ್ನ ಕುದುರೆಗೆ ಊಟ ಕೊಡಿರೆಂದು ಕೇಳುವಂಥವನಲ್ಲ. ಅವನ ಬ್ಯಾಡವನ್ನು ಹೇಗೆ ತಿಳಿದುಕೊಳ್ಳಬೇಕೆಂದು ನಮ್ಮ ಹೆಂಗಸರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಗುಹೆಯ ಬಗ್ಗೆ ನಾನು ನಿಮಗೆ ಗಂಭೀರವಾಗಿ ಹೇಳಬೇಕೆಂದಿದ್ದೆ. ಕಲ್ಲಿನ ದೊಡ್ಡ ಬಾಯಿ, ಒಳಗೆ ಒಂದು ಮದುವೆಯ ಪಂಕ್ತಿ ಕೂರುವಷ್ಟು ವಿಶಾಲ, ನೆಲದಲ್ಲಿ ತಂಪು, ಎಲ್ಲೋ ಆಳದಲ್ಲಿ ಒಂದೊಂದೇ ತೊಟ್ಟಾಗಿ ಬೀಳುವ ನೀರು. ಅನಾದಿಯಿಂದ ಅಲ್ಲಿ ಕೂಡಿಟ್ಟುಕೊಂಡು ಬಂದಿದ್ದ ಮೌನವನ್ನು ನಾವು ಎರಡು ನಿಮಿಷದಲ್ಲಿ ಖರ್ಚು ಮಾಡಿದೆವು. ಮೊದಲು ಒಬ್ಬ ತನ್ನ ಹೆಸರನ್ನು ಕೂಗಿದ, ಗುಹೆ ಅದನ್ನು ಹಿಂದಿರುಗಿಸಿತು. ಆಮೇಲೆ ಎಲ್ಲರೂ ತಮ್ಮ ತಮ್ಮ ಹೆಸರು ಕೂಗಿದೆವು. ನಾನು ಹುದ್ದೆಯನ್ನೂ ಸೇರಿಸಿ ಕೂಗಿದೆ. ಬಾವಲಿಗಳು ಹೊರಗೆ ಹಾರಿಹೋದವು. ದೇಸಾಯರು ಧ್ವನಿವರ್ಧಕವನ್ನು ತರಿಸಿ ಪ್ರಕೃತಿ ಮತ್ತು ಮೌನ ಎಂಬ ವಿಷಯವಾಗಿ ಮಾತಾಡಿದರು. ಪ್ರತಿಯೊಂದು ವಾಕ್ಯವೂ ಮರಳಿ ಅವರ ಕಿವಿಗೇ ಬಂತು. ತಮ್ಮ ಭಾಷಣವನ್ನು ಕೊನೆಯವರೆಗೂ ಕೇಳಿದ ಮೊದಲ ಶ್ರೋತೃ ತಾವೇ ಆದ ಸಂತೋಷ ಅವರ ಮುಖದಲ್ಲಿ ಕಾಣುತ್ತಿತ್ತು. ಗುಹೆಯ ಬಾಯಿಯ ಬಳಿ ನಿಂತಿದ್ದ ಯಮನಪ್ಪ ಮಾತ್ರ ಡೇರೆಯ ಕಡೆಗೇ ನೋಡುತ್ತಿದ್ದ, ಇನ್ನು ಹೋಗೋಣವೇ ಎಂದು ಎರಡು ಸಲ ನನ್ನನ್ನು ಕೇಳಿದ. ನಾನು ಸಾಹೇಬರ ಮಾತು ಮುಗಿಯಲಿ ಎಂದೆ.

ನಾವು ಮರಳಿದಾಗ ಊಟವಾಗಿತ್ತು. ಗಂಗಿಯದೂ. ಶಾಂತಾ ಅವಳಿಗೆ ಮಾದಲಿ ಬಡಿಸಿದ್ದಳು. ಗೋಧಿ, ಕಡಲೆ, ಬೆಲ್ಲ: ಕುದುರೆ ತಿನ್ನುವ ಪದಾರ್ಥಗಳೇ ಇದರಲ್ಲಿವೆ, ಏಲಕ್ಕಿ ಅದರ ಪುಣ್ಯ, ಎಂದು ಅವಳ ತರ್ಕ. ಚೀಲದಲ್ಲಿ ಹಾಕಿ ಕಟ್ಟಿದರೆ ಗಂಗಿ ಉಂಡು ತಲೆಯಾಡಿಸಿದಳು. ಆಡಿಸಿದ್ದಕ್ಕೆ ಶಾಂತಾ ಮತ್ತೆ ಹಾಕಿದಳು. ಒಬ್ಬಳೇ ಪುಣ್ಯ ಕಟ್ಟಿಕೊಳ್ಳುವುದನ್ನು ಉಳಿದವರು ನೋಡುತ್ತ ಕೂರಲಾದೀತೆ? ಬೆಳಗಾವಿಯವರ ಕುಂದಾ ಬಂತು, ಶೇಂಗಾ ಹೋಳಿಗೆ ಬಂತು, ರೊಟ್ಟಿ ಮುರಿದು ಹಾಕಿದರು. ಮೂವತ್ತು ಜನರ ಮಾದಲಿಯ ಡಬ್ಬಿ ಅರ್ಧಕ್ಕಿಳಿದಿತ್ತು. ಒಣಪುಡಿ ತಿಂದವಳಿಗೆ ನೀರಡಿಸಿರಬೇಕೆಂದು ಕೊನೆಗೆ ಒಂದು ಬಕೆಟ್ ನೀರನ್ನೂ ಕುಡಿಸಿದ್ದರು.

ಗಂಗಿ ಮುಂಗಾಲಿನಿಂದ ನೆಲವನ್ನು ಕೆರೆಯುತ್ತಿದ್ದಳು. ಕುಣಿಯುತ್ತಾಳೆ ನೋಡ್ರಿ ಎಂದು ದೇಸಾಯರು ಹಿಗ್ಗಿದರು. ಕತ್ತು ತಿರುಗಿಸಿ ತನ್ನ ಹೊಟ್ಟೆಯನ್ನೇ ನೋಡಿಕೊಳ್ಳುತ್ತಿದ್ದಳು. ನಮ್ಮನ್ನೇ ನೋಡುತ್ತಿದ್ದಾಳೆ, ಉಂಡದ್ದು ನೆನೆಯುತ್ತಿದ್ದಾಳೆ ಎಂದು ಶಾಂತಾ ಹೇಳಿದಳು. ಯಮನಪ್ಪನ ಕೈಯಿಂದ ಸರದಾರನ ಹಗ್ಗ ಜಾರಿ ಬಿತ್ತು. ಓಡಿಹೋಗಿ ಚೀಲದೊಳಗೆ ಕೈಹಾಕಿ, ಬೆರಳಿಗೆ ಅಂಟಿದ್ದನ್ನು ಮೂಸಿದ. ಅಷ್ಟರಲ್ಲಿ ಗಂಗಿಯ ಕಾಲು ಮಡಚಿತು, ಮಲಗಿದಳು, ಹೊರಳತೊಡಗಿದಳು. ಬೆವರಿನಿಂದ ಅವಳ ಬೂದಿಬಣ್ಣ ಕಪ್ಪಾಗಿತ್ತು.

ಮನುಷ್ಯನಿಗೆ ಹೆಚ್ಚಾದರೆ ಕಾರಿಕೊಳ್ಳುತ್ತಾನೆ, ನಾಯಿ ಬೆಕ್ಕುಗಳೂ ಅಷ್ಟೆ. ಕುದುರೆಗೆ ಆ ಭಾಗ್ಯವಿಲ್ಲವೆಂದು ನನಗೆ ಆ ದಿನ ತಿಳಿಯಿತು. ಒಳಗೆ ಹೋದದ್ದು ಇನ್ನೊಂದು ಬಾಗಿಲಿನಿಂದಲೇ ಹೊರಗೆ ಬರಬೇಕು. ಬಾರದೆ ಉಬ್ಬಿ ನಿಂತರೆ ಕುದುರೆ ಸಾಯುತ್ತದೆ. ಯಮನಪ್ಪ ಇದನ್ನು ಮೂರು ಮಾತಿನಲ್ಲಿ ಹೇಳಿ, ನಾಲ್ಕು ಗಂಡಸರನ್ನು ಕರೆದು ಅವಳನ್ನು ಎಬ್ಬಿಸಿದ. ಹೊರಳಿದರೆ ಕರುಳು ತಿರುಚಿಕೊಳ್ಳುವ ಭಯವಿತ್ತು. ಮೆಲ್ಲಗೆ ನಡೆಸುತ್ತಲೇ ಇರಬೇಕಿತ್ತು. ಮಿಂಗೇಲ್ ಮೋಟಾರುಸೈಕಲ್ ಹತ್ತಿ, ಫೋನು ಸಿಗುವ ಎತ್ತರದವರೆಗೆ ಹೋಗಿ ಬಂದ. ದನದ ಡಾಕ್ಟರು ದೂರದ ಹಳ್ಳಿಯಲ್ಲಿದ್ದರು, ಸಂಜೆಯೊಳಗೆ ಬರುತ್ತಿದ್ದರು. ಬಾಯಿಗೆ ಏನೂ ಹಾಕಬೇಡಿ, ನಡೆಸಿ, ಹೊಟ್ಟೆಯ ಸಪ್ಪಳಕ್ಕೆ ಕಿವಿಗೊಡಿ, ಲದ್ದಿ ಹಾಕಿದರೆ ಬದುಕಿದಳೆಂದು ತಿಳಿಯಿರಿ ಎಂದಿದ್ದರಂತೆ.

ಇಲ್ಲೇ ನೋಡಿ, ನಮ್ಮ ಬಳಗದ ನಿಜವಾದ ಯೋಗ್ಯತೆ ಹೊರಬಿದ್ದದ್ದು. ಏನೂ ಹಾಕಬೇಡಿ ಎಂದ ಕೂಡಲೇ ಇಂಗಿನ ನೀರು ಹಾಕೋಣವೆಂದು ಒಬ್ಬರು, ಅಜವಾನದ ಕಷಾಯವೆಂದು ಇನ್ನೊಬ್ಬರು, ಸೋಡಾ ಕುಡಿಸಿದರೆ ತೇಗು ಬರುತ್ತದೆಂದು ಮತ್ತೊಬ್ಬರು. ಯಮನಪ್ಪ ಗಂಗಿಯ ಪಕ್ಕೆಗೆ ಕಿವಿ ಹಚ್ಚಿ ನಿಂತಿದ್ದ. ನಾವು ಅವನ ಸುತ್ತ ನಿಂತು ಸಲಹೆ ಕೊಡುತ್ತಿದ್ದೆವು. ಅವನು ತಲೆಯೆತ್ತಿ ನಮ್ಮನ್ನೆಲ್ಲ ಒಮ್ಮೆ ನೋಡಿದ. ಬೈದಿದ್ದರೆ ಒಳ್ಳೆಯದಿತ್ತು.

"ಏನೂ ಕೇಳಸವಲ್ದರಿ," ಎಂದಷ್ಟೇ ಹೇಳಿ, ಗಂಗಿಯನ್ನು ಹಿಡಿದುಕೊಂಡು ಗುಹೆಯ ದಾರಿ ಹಿಡಿದ. ಆ ದಾರಿ ಸಮತಟ್ಟಾಗಿತ್ತು, ನೆರಳಿತ್ತು. ಮುಖ್ಯವಾಗಿ ಅಲ್ಲಿ ನಾವು ಇರಲಿಲ್ಲ.

ನಾನು ಹಿಂದೆಯೇ ಹೋಗಿ ಹಗ್ಗದ ಇನ್ನೊಂದು ಕಡೆ ಹಿಡಿದೆ. ಗುಹೆಯ ಬಾಯಿಯವರೆಗೆ, ಅಲ್ಲಿಂದ ಡೇರೆಯವರೆಗೆ, ಮತ್ತೆ ಗುಹೆಯವರೆಗೆ. ಮೂರನೆಯ ಸುತ್ತಿನಲ್ಲಿ ಅವನು ತಾನಾಗಿ ಮಾತಾಡಿದ. "ಸಾಹೇಬ್ರ, ದಾಬೋಲಿಮ್‌ದಾಗ ಏಳು ವರ್ಷ ಸಿಮೆಂಟಿನ ಬುಟ್ಟಿ ಹೊತ್ತೇನ್ರಿ. ಈಕಿ ಬಂದ ಮ್ಯಾಲೆ ತಲಿ ಮ್ಯಾಲಿಂದು ಬುಟ್ಟಿ ಇಳದೈತಿ." ಗಂಗಿ ಹೋದರೆ ಸರದಾರನೊಬ್ಬ ದಂಡೆಯ ಮೇಲೆ ಒಂದು ಹೆಜ್ಜೆಯೂ ಇಡುವುದಿಲ್ಲ. ಯಮನಪ್ಪನ ತಲೆಯ ಮೇಲೆ ಮತ್ತೆ ಬುಟ್ಟಿ ಬರುತ್ತದೆ. ಅವನು ಹೊತ್ತ ಬುಟ್ಟಿಗಳಲ್ಲಿ ಒಂದೆರಡು ನಮ್ಮ ಮೂರನೆಯ ಮಹಡಿಗೂ ಏರಿರಬಹುದೆಂದು ನನಗೆ ಹೊಳೆಯಿತು. ಇನ್ನು ಹೋಗೋಣವೇ ಎಂದು ಅವನು ಎರಡು ಸಲ ಕೇಳಿದ್ದೂ ನೆನಪಾಯಿತು. ಒಂದು ಭಾಷಣ ಮುಗಿಯಲೆಂದು ಅವನನ್ನು ನಿಲ್ಲಿಸಿಕೊಂಡವನು ನಾನು. ನನಗೆ ನಾಚಿಕೆಯಾಯಿತು.

ತಿರುಗಿ ನೋಡಿದರೆ ಬಳಗವೆಲ್ಲ ಹಿಂದೆ ಬರುತ್ತಿತ್ತು, ಸೀರೆಯವರು, ಪ್ಯಾಂಟಿನವರು, ದೇಸಾಯರು, ಎಲ್ಲರ ಹಿಂದೆ ಮಿಂಗೇಲ್. ಯಾರೂ ಮಾತಾಡುತ್ತಿರಲಿಲ್ಲ. ನಮ್ಮ ಜನ ಮೂವತ್ತು ಮಂದಿ ಒಟ್ಟಿಗೆ ನಡೆಯುತ್ತ ಮಾತಾಡದಿರುವುದನ್ನು ನಾನು ಅದಕ್ಕಿಂತ ಮುಂಚೆ ಸ್ಮಶಾನದ ದಾರಿಯಲ್ಲೂ ಕಂಡಿರಲಿಲ್ಲ. ಗುಹೆಯ ಬಾಯಿಯಲ್ಲಿ ಯಮನಪ್ಪ ನಿಂತ, ಕಿವಿ ಹಚ್ಚಿದ. ಬೆಳಿಗ್ಗೆ ನಾವು ಕೂಗಿ ಬರಿದು ಮಾಡಿದ್ದ ಆ ಜಾಗ ಮತ್ತೆ ತುಂಬಿಕೊಂಡಿತ್ತು. ಆಳದಲ್ಲಿ ನೀರಿನ ತೊಟ್ಟು ಬೀಳುವುದು ಕೇಳುತ್ತಿತ್ತು. ಅವನು ತಲೆಯಲ್ಲಾಡಿಸಿ ಮತ್ತೆ ನಡೆಸಿದ.

ಶಾಂತಾ ಅವನ ಪಕ್ಕಕ್ಕೆ ಬಂದಳು.

"ನೀ ಬ್ಯಾಡಂದಿದ್ದಿಯಲ್ಲೋ ತಮ್ಮಾ."

"ಅಂದಿದ್ದೆರಿ ಅಕ್ಕಾರ."

"ಸಂಕೋಚಕ್ಕ ಅಂತಿ ಅಂತ ತಿಳಕೊಂಡೆ."

"ನನಗ ಬ್ಯಾಡಂದಿದ್ರ ಸಂಕೋಚರಿ. ಆಕೀ ಸಲುವಾಗಿ ಅಂದಿದ್ದೆ."

ಅವಳು ಅವನ ಕೈಯಿಂದ ಹಗ್ಗ ತೆಗೆದುಕೊಂಡಳು. ಮಂಡಿನೋವೆಂದು ಮೆಟ್ಟಿಲು ಇಳಿಯದ ನನ್ನ ಹೆಂಡತಿ ಆ ದಾರಿಯನ್ನು ಎಷ್ಟು ಸಲ ತುಳಿದಳೋ ನಾನು ಎಣಿಸಲಿಲ್ಲ. ಉಳಿದವರೂ ಸರದಿಯಂತೆ ಹಿಡಿದರು. ದೇಸಾಯರು ಕೂಡ ಹಿಡಿದರು. ಅವರು ಯಾವ ಸರದಿಯಲ್ಲೂ ನಿಂತದ್ದನ್ನು ನಾನು ಕಂಡಿದ್ದು ಅದೊಂದೇ ಸಲ. ಬಿಸಿಲು ಇಳಿಯುತ್ತ ಬಂತು. ಮತ್ತೊಮ್ಮೆ ಗುಹೆಯ ಬಾಯಿಗೆ ಬಂದಾಗ ಯಮನಪ್ಪ ಕಿವಿ ಹಚ್ಚಿದವನು ಬಹಳ ಹೊತ್ತು ತೆಗೆಯಲಿಲ್ಲ. ಆಮೇಲೆ ಶಾಂತಾಳನ್ನು ಕರೆದು, ಪಕ್ಕೆಯ ಮೇಲೆ ಜಾಗ ತೋರಿಸಿ, ಇಲ್ಲಿ ಕೇಳಿರೆಂದ. ಅವಳು ಕಿವಿ ಇಟ್ಟಳು. ಬೆವರಿದ ಕುದುರೆಯ ಮೈಗೆ ಅವಳ ಕೆನ್ನೆ, ಕುಂಕುಮ ಎಲ್ಲ ಅಂಟಿದ್ದವು. ನಾವು ಮೂವತ್ತು ಜನ ಉಸಿರು ಹಿಡಿದು ನಿಂತೆವು.

"ಕೇಳಸಾಕತ್ತೈತೇನ್ರಿ?"

"ಹೌದಪಾ," ಎಂದಳು ಪಿಸುದನಿಯಲ್ಲಿ, "ಹುಗ್ಗಿ ಕುದ್ದಂಗ."

ಇನ್ನೊಂದು ಸುತ್ತು ಮುಗಿಯುವ ಮುಂಚೆ, ಗೇರುಮರದ ಕೆಳಗೆ, ಗಂಗಿ ನಿಂತಳು, ಬಾಲವೆತ್ತಿದಳು. ಪದವೀಧರರು, ಹಿರಿಯ ಗುಮಾಸ್ತರು, ಒಬ್ಬ ನಿವೃತ್ತ ಅಧಿಕಾರಿ, ಎಲ್ಲರೂ ಸುತ್ತ ನೆರೆದು ಲದ್ದಿ ಬೀಳುವುದನ್ನು ಮಂಗಳಾರತಿ ನೋಡುವಷ್ಟು ಭಕ್ತಿಯಿಂದ ನೋಡಿದೆವು. ಒಬ್ಬರು ಕೈಮುಗಿದದ್ದನ್ನು ನಾನೇ ಕಂಡೆ. ಯಾರೂ ಕೂಗಲಿಲ್ಲ, ಚಪ್ಪಾಳೆ ತಟ್ಟಲಿಲ್ಲ. ಯಮನಪ್ಪ ಗಂಗಿಯ ಕೊರಳಿಗೆ ಹಣೆ ಹಚ್ಚಿ ನಿಂತುಬಿಟ್ಟ. ನಾವು ಆ ಕಡೆ ನೋಡದೆ ಮರದ ಎಲೆಗಳನ್ನು ನೋಡಿದೆವು. ಮಿಂಗೇಲ್ ತನ್ನ ಹಲಗೆಗೆ ಒರಗಿ ನಿಂತಿದ್ದ. ತನ್ನ ಜಾಗದಲ್ಲಿ ಆ ದಿನ ಮೊದಲ ಬಾರಿಗೆ ಅವನಿಗೆ ಬೇಕಾದದ್ದು ದೊರೆತಿತ್ತು.

ಹೊತ್ತು ಮುಳುಗುವ ಮುಂಚೆ ಡಾಕ್ಟರು ಬಂದರು, ಪರೀಕ್ಷಿಸಿದರು, ಗಂಡಾಂತರ ಕಳೆಯಿತೆಂದರು, ಒಂದು ಇಂಜೆಕ್ಷನ್ ಕೊಟ್ಟು, ನಾಳೆಯವರೆಗೂ ಹುಲ್ಲಿನೆಸಳೂ ಬೇಡವೆಂದರು. ಏನು ತಿನ್ನಿಸಿದ್ದಿರಿ ಎಂದು ಕೇಳಿದಾಗ ಮಾದಲಿಗೆ ಕೊಂಕಣಿಯಲ್ಲಿ ಏನನ್ನುತ್ತಾರೋ ನನಗೆ ಹೊಳೆಯಲಿಲ್ಲ, ಡಬ್ಬಿಯನ್ನೇ ತೋರಿಸಿದೆ. ಅವರು ಡಬ್ಬಿಯನ್ನೂ ನಮ್ಮನ್ನೂ ನೋಡಿ ತಮ್ಮ ಔಷಧಿಯ ಚೀಲ ಮುಚ್ಚಿಕೊಂಡರು. ಶಾಂತಾ ಊಟ ಮಾಡಿ ಹೋಗಿರೆಂದು ಕರೆದಳು. ಬೇಡಮ್ಮ ಎಂದರು ಅವರು. ಸರಿ ಎಂದಳು ಅವಳು. ಬಳಗದ ಹೆಂಗಸರೆಲ್ಲ ತಿರುಗಿ ಅವಳನ್ನೇ ನೋಡಿದರು. ಗಂಗಿ ಕಾಲು ಮಡಚಿ ಬಿದ್ದಾಗಲೂ ಅವರ ಮುಖಗಳು ಅಷ್ಟು ಬಿಳಿಚಿಕೊಂಡಿರಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಆ ಚೀಲವನ್ನು ತೊರೆಗೆ ಒಯ್ದು, ಹೊಲಿಗೆಯ ಸಂದಿಗಳಿಂದ ಮಾದಲಿಯನ್ನು ಕಡ್ಡಿಯಲ್ಲಿ ಕೆರೆದು ತೆಗೆದು, ಒಗೆದು ಒಣಹಾಕಿದಳು. ಆಮೇಲೆ ಇದನ್ನು ನನಗೆ ಕೊಡು ಎಂದು ಯಮನಪ್ಪನನ್ನು ಕೇಳಿದಳು. ಅವನ ಬಳಿ ಇನ್ನೊಂದಿತ್ತು, ಕೊಟ್ಟ. ಅಂದಿನಿಂದ ಅದು ಬಾಗಿಲ ಹಿಂದಿನ ಮೊಳೆಯ ಮೇಲಿದೆ.

ಆಮೇಲೆ ನನ್ನ ಕಷ್ಟ ಶುರುವಾಯಿತು. ಬಡಿಸುವ ಮುಂಚೆ ಅವಳ ದೃಷ್ಟಿ ಬಾಗಿಲ ಹಿಂದಕ್ಕೆ ಹೋಗುತ್ತದೆ. ಸಾಕು ಎಂದರೆ ಸೌಟು ಅಲ್ಲೇ ನಿಲ್ಲುತ್ತದೆ. ನನ್ನ ಅಂದಿನವರೆಗಿನ ಸಾಕುಗಳೆಲ್ಲ ಎದುರಿನವಳು ಕೇಳಿಸಿಕೊಳ್ಳುವುದಿಲ್ಲವೆಂಬ ಭರವಸೆಯ ಮೇಲೆ ನಿಂತಿದ್ದವೆಂದು ಆಗ ತಿಳಿಯಿತು. ಹಬ್ಬದ ದಿನ ಅರ್ಧ ಹೋಳಿಗೆಗೆ ಎದ್ದು ಕೈತೊಳೆದಿದ್ದೇನೆ, ಅಭಿಮಾನಕ್ಕೆ ಸಿಕ್ಕಿ. ಧಾರವಾಡದಿಂದ ಬಂದ ನನ್ನ ಅಕ್ಕ ಎರಡು ದಿನ ಇದ್ದು, ಗೋವಾದ ನೀರು ಇವರನ್ನು ಕೆಡಿಸಿತೆಂದು ಊರಿನಲ್ಲಿ ಹೇಳಿದಳಂತೆ. ಮಾತನ್ನು ಮಾತಾಗಿ ನಂಬುವ ಮನೆಯಲ್ಲಿ ನಮ್ಮಂಥವರು ಉಪವಾಸ ಬೀಳುತ್ತೇವೆ, ಗೆಳೆಯರೆ. ನಾವು ಬೇಡವೆನ್ನುವುದು ಬೇಕಾದಾಗ, ಬೇಕೆನ್ನುವುದು ಬೇಡವಾದಾಗ, ಇದನ್ನು ಬಿಡಿಸಿ ಓದಲು ಒಬ್ಬರು ಯಾವಾಗಲೂ ಎದುರಿಗಿರಬೇಕು.

ಮಳೆಗಾಲ ಶುರುವಾಗುವ ಮುಂಚೆ ಒಂದು ಮಧ್ಯಾಹ್ನ ಯಮನಪ್ಪ ನಮ್ಮ ಮನೆಗೆ ಬಂದ. ದಂಡೆಯ ಕೆಲಸ ಆ ವರ್ಷಕ್ಕೆ ಮುಗಿದಿತ್ತು, ಕುದುರೆಗಳನ್ನು ಊರಿಗೆ ಹೊಡೆದುಕೊಂಡು ಹೋಗುವವನಿದ್ದ, ಹೇಳಿ ಹೋಗಲು ಬಂದಿದ್ದ. ಗಂಗಿ ಚಲೋ ಅದಾಳ ಎಂದ. ಶಾಂತಾ ತಾಟು ಹಾಕಿದಳು, ಹೋಳಿಗೆ ಬಡಿಸಿದಳು. ಎರಡು ಮುಗಿಸಿ ಅವನು ಸಾಕ್ರಿ ಅಕ್ಕಾರ ಎಂದ. ಅವಳ ಕೈ ನಿಂತಿತು. ಅವನು ತಾಟಿನ ಮೇಲೆ ಕೈ ಅಡ್ಡ ಹಿಡಿದಿದ್ದ. ಬೆರಳುಗಳ ನಡುವೆ ಸಂದಿತ್ತು. ಅವಳು ಆ ಸಂದನ್ನು ನೋಡಿದಳು, ಬಾಗಿಲ ಹಿಂದಿನ ಚೀಲವನ್ನು ನೋಡಿದಳು, ಹೋಳಿಗೆಯ ತಾಟನ್ನು ಕೆಳಗಿಟ್ಟಳು. ಯಮನಪ್ಪನೂ ತಿರುಗಿ ಆ ಕಡೆ ನೋಡಿದ. ತನ್ನ ಚೀಲದ ಗುರುತು ಹತ್ತಿ, ನಕ್ಕ. ಅವನು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಅಕ್ಕಾರ, ನಾ ಕುದುರಿ ಅಲ್ರಿ," ಎಂದ, "ಇನ್ನೆರಡು ಹಾಕ್ರಿ."

ಅವಳು ಹಾಕಿದಳು. ಎರಡರ ಮೇಲೆ ಮತ್ತೊಂದು ಹಾಕಿದಳು, ಅದರ ಮೇಲೆ ತುಪ್ಪ ಸುರಿದಳು, ಅವನು ಕೈ ಅಡ್ಡ ಹಿಡಿದಷ್ಟೂ ಸಂದು ಹುಡುಕಿ ಇಳಿಸಿದಳು, ಅಯ್ಯ ಏನ್ರಿ ಅಕ್ಕಾರ ಎಂದು ಅವನು ನೊಂದುಕೊಂಡ. ನಾನೂ ಗಡಿಬಿಡಿಯಿಂದ ನನ್ನ ತಾಟಿನ ಮೇಲೆ ಕೈಹಿಡಿದು ಸಾಕು ಎಂದೆ; ಎಷ್ಟೋ ದಿನಗಳ ಮೇಲೆ ನನ್ನ ಮಾತೂ ಆ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಮೂವರೂ ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆವು.

ಅವನು ಹೊರಡುವಾಗ ಶಾಂತಾ ಒಳಗೆ ಹೋದಳು. ಬರುವಾಗ ಒಂದು ಕೈಯಲ್ಲಿ ಆ ಚೀಲವಿತ್ತು, ಇನ್ನೊಂದು ಕೈಯಲ್ಲಿ ಮುಚ್ಚಳ ತೆಗೆದ ಬೆಲ್ಲದ ಡಬ್ಬಿಯಿತ್ತು. ಬಾಯಿ ತೆರೆದ ಚೀಲವನ್ನು ಹಿಡಿದು ಅವಳು ಅವನ ಮುಖವನ್ನೇ ನೋಡಿದಳು. ಗಂಗಿಗೆ ಎಂದು ಕೇಳಲೂ ಇಲ್ಲ.

"ಬ್ಯಾಡ್ರಿ," ಎಂದ ಯಮನಪ್ಪ.

ಒಂದೇ ಸಲ ಹೇಳಿದ. ಅವಳು ಡಬ್ಬಿಯ ಮುಚ್ಚಳ ಒತ್ತಿ ಮುಚ್ಚಿ, ಒಳಗೆ ಹೋಗಿ, ಚೀಲವನ್ನು ಖಾಲಿಯಾಗಿಯೇ ಮೊಳೆಗೆ ಹಾಕಿದಳು.